ಒಂದು ಕೊಬ್ಬರಿ ಬಟ್ಟಲಿಗೆ ಇಬ್ಬರು

ಮಕ್ಕಳಿಗೆ ಆಟಿಕೆ ಒಯ್ಯುವ ಗಂಡಸರನ್ನು ನಾನು ಬಸ್ಸಿನ ಬಾಗಿಲಲ್ಲೇ ಗುರುತಿಸುತ್ತೇನೆ. ಹನ್ನೊಂದು ವರ್ಷ ಕಂಡಕ್ಟರಿಕೆ ಮಾಡಿದ ಕಣ್ಣು ನನ್ನದು. ಹೆಂಗಸರಾದರೆ ಆಟಿಕೆಯನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಬದನೆಕಾಯಿ ಹೇರಿ, ಅದನ್ನು ಸೀಟಿನ ಕೆಳಗೆ ತಳ್ಳಿ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾರೆ. ಗಂಡಸರು ಮಾತ್ರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮತಪೆಟ್ಟಿಗೆ ಕಾಯುವ ಪೊಲೀಸರ ಹಾಗೆ ಬಿಗಿದುಕೊಂಡು ಕೂತಿರುತ್ತಾರೆ. ಗಂಗಾವತಿಯಲ್ಲಿ ಹತ್ತಿದವರು ಹಿಟ್ನಾಳ ದಾಟುವಷ್ಟರಲ್ಲಿ ಒಮ್ಮೆ ಪೆಟ್ಟಿಗೆ ತೆರೆದು ನೋಡುತ್ತಾರೆ. ಕೊಪ್ಪಳದಲ್ಲಿ ಬಸ್ಸು ನಿಂತಾಗ ಪಕ್ಕದವನಿಗೆ ತೋರಿಸುತ್ತಾರೆ. ಯಲಬುರ್ಗಾ ಬರುವಷ್ಟರಲ್ಲಿ ಒಳಗಿನ ಬ್ಯಾಟರಿ ಅರ್ಧ ಮುಗಿದಿರುತ್ತದೆ.

ನಗುವ ಹಕ್ಕು ನನಗಿದೆ, ಯಾಕೆಂದರೆ ಹಾಗೆ ಕೂತವರಲ್ಲಿ ನಾನೂ ಒಬ್ಬ.

ನನ್ನ ಡ್ಯೂಟಿ ಗಂಗಾವತಿಯ ಡಿಪೋದಲ್ಲಿ. ಮನೆ ಇರುವುದು ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹೆಂಡತಿ ಅದೇ ಹಳ್ಳಿಯ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ; ಅವಳ ತವರು ಕೂಡ ಅದೇ ಊರಿನ ಇನ್ನೊಂದು ಓಣಿ. ಹೀಗಾಗಿ ಅವಳು, ಮಗಳು, ನನ್ನ ಅಪ್ಪ, ಅವ್ವ ಊರಲ್ಲಿ. ನಾನು ಗಂಗಾವತಿಯಲ್ಲಿ ಇನ್ನಿಬ್ಬರು ಕಂಡಕ್ಟರುಗಳ ಜೊತೆ ಒಂದು ಕೋಣೆಯಲ್ಲಿ. ವಾರಕ್ಕೊಂದು ರಜೆ, ಅದೂ ಡಿಪೋದವರು ಮನಸ್ಸು ಮಾಡಿದರೆ. ಊರಿನ ಇಪ್ಪತ್ತು ಮೂವತ್ತು ಕೂಸುಗಳು ನನ್ನ ಹೆಂಡತಿಯ ಸೆರಗು ಹಿಡಿದು ಅಲೆಯುತ್ತಿದ್ದವು, ದಾರಿಯಲ್ಲಿ ನನ್ನನ್ನು ಕಂಡರೆ ‘ಟೀಚರ್ ಮನಿಯವ್ರು’ ಎಂದು ಕೈ ಬೀಸುತ್ತಿದ್ದವು. ನನ್ನ ಸ್ವಂತ ಮಗಳು ಮಾತ್ರ ನಾನು ಹೊಸ್ತಿಲು ದಾಟಿದ ಕೂಡಲೇ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು.

ಆಗ ಅವಳಿಗೆ ಮೂರು ವರ್ಷ. ನಾಚಿಕೆಯ ಕೂಸೇನೂ ಅಲ್ಲ. ಹಾಲಿನವನ ಜೊತೆ ಜಗಳ ತೆಗೆಯುತ್ತಿದ್ದಳು, ಪಕ್ಕದ ಮನೆಯ ಎಮ್ಮೆಗೆ ಬುದ್ಧಿ ಹೇಳುತ್ತಿದ್ದಳು. ನನ್ನೊಬ್ಬನ ಹತ್ತಿರ ಬರುತ್ತಿರಲಿಲ್ಲ, ಅಷ್ಟೇ. ಒಂದು ಸಲ ನಾನು ಊಟಕ್ಕೆ ಕೂತಿದ್ದಾಗ, ನನಗೆ ಕೇಳುವಂತೆಯೇ ನಮ್ಮ ಅವ್ವನನ್ನು ಕೇಳಿದಳು (ಅಜ್ಜಿಯನ್ನು ಅವಳು ‘ಅಮ್ಮ’ ಎನ್ನುತ್ತಾಳೆ):

“ಅಮ್ಮಾ, ಇಂವ ಯಾವಾಗ ಹೋಗ್ತಾನ?”

ಅವ್ವ ನಕ್ಕಳು. ಹೆಂಡತಿಯೂ ನಕ್ಕಳು. ನಾನೂ ನಕ್ಕೆ, ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಆ ಹೆಗ್ಗಣವನ್ನು ಹಿರಿಯರ ಕಣ್ಣಿಗೆ ಬೀಳದಂತೆ ಮುದ್ದು ಮಾಡಬೇಕು. ಗಂಡಸಾದವನು ತನ್ನ ಅಪ್ಪನ ಎದುರಿಗೆ ತನ್ನ ಮಗುವನ್ನು ಎತ್ತಿಕೊಳ್ಳುವುದು, ಮುದ್ದಿಸುವುದು, ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಹೀಗೆ ಮಾಡಬೇಡ ಎಂದು ಯಾರೂ ಹೇಳಿಕೊಡುವುದಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವುದನ್ನು ಹೇಗೆ ಕಲಿಯುತ್ತೇವೋ ಹಾಗೆ ಅದನ್ನೂ ಕಲಿತಿರುತ್ತೇವೆ. ಅಣ್ಣತಮ್ಮಂದಿರ ಮಕ್ಕಳನ್ನು ಎಷ್ಟು ಬೇಕಾದರೂ ಎತ್ತಿ ಕುಣಿಸಬಹುದು. ತನ್ನದು ಅತ್ತರೆ ಮಾತ್ರ ಕಿವಿ ಕೇಳದವನ ಹಾಗೆ ಕೂರಬೇಕು.

ನಾನು ಸಣ್ಣವನಿದ್ದಾಗ ಅಪ್ಪ ನನ್ನನ್ನು ಮನೆಯಲ್ಲಿ ಮುಟ್ಟಿದ ನೆನಪೇ ಇಲ್ಲ, ಯಾಕೆಂದರೆ ಕಟ್ಟೆಯ ಮೇಲೆ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸದಾ ಕೂತಿರುತ್ತಿದ್ದರು. ಆದರೆ ಹೊಲಕ್ಕೆ ಹೋಗುವಾಗ ಊರಾಚೆ ಒಂದು ಹಳ್ಳ ಬರುತ್ತಿತ್ತು. ಹಳ್ಳ ದಾಟಿದ ಕೂಡಲೇ ಅಪ್ಪ ಹಿಂದೆ ಮುಂದೆ ನೋಡಿ, ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಸಜ್ಜೆಯ ತೆನೆಗಿಂತ ಎತ್ತರದಲ್ಲಿ ಕೂತು ನಾನು ಇಡೀ ತಾಲೂಕನ್ನು ಆಳುತ್ತಿದ್ದೆ. ಸಂಜೆ ತಿರುಗಿ ಬರುವಾಗ ಅದೇ ಹಳ್ಳದ ಹತ್ತಿರ ಕೆಳಗಿಳಿಸುತ್ತಿದ್ದ. ಅದು ಹಳ್ಳದ ನಿಯಮ ಎಂದೇ ನಾನು ಬಹಳ ದಿನ ನಂಬಿದ್ದೆ.

ನನ್ನ ಮಗಳು ಹುಟ್ಟಿದ ಮೇಲೆ ನನಗೆ ಅಂಥ ಹಳ್ಳವೊಂದು ಸಿಗಲಿಲ್ಲ. ಒಳಕೋಣೆಯಲ್ಲಿ, ಅವಳು ನಿದ್ದೆಯಲ್ಲಿದ್ದಾಗ ಎತ್ತಿಕೊಂಡದ್ದುಂಟು. ಎಚ್ಚರವಿದ್ದಾಗ ಅವಳು ಅಪ್ಪನ ಜೊತೆಯೇ. ಬೆಳಗಿನ ಚಹಾ ಅಪ್ಪನ ಬಸಿಯಲ್ಲಿ, ಮಧ್ಯಾಹ್ನದ ನಿದ್ದೆ ಅಪ್ಪನ ಹೊಟ್ಟೆಯ ಮೇಲೆ. ಮೊಮ್ಮಗಳಿಗೆ ಈ ಯಾವ ರೂಢಿಯೂ ಅಡ್ಡ ಬರುವುದಿಲ್ಲ. ಹಾಗಾಗಿ ಅವಳು ಅಪ್ಪನನ್ನು ‘ಮುತ್ಯಾ’ ಎಂದು ಕರೆಯುವ ದನಿಯೇ ಬೇರೆ.

ನಾನು ಊರಿಗೆ ಬಂದಾಗ ಪ್ರತಿ ಸಲ ನಡೆಯುತ್ತಿದ್ದದ್ದು ಒಂದೇ. ಅಪ್ಪ ಪಡಸಾಲೆಯಲ್ಲಿ ಮಗಳನ್ನು ಆಡಿಸುತ್ತ ಕೂತಿರುತ್ತಿದ್ದ. ನಾನು ಚೀಲ ಇಳಿಸುತ್ತಿದ್ದೆ. “ಬಂದೇನು?” ಎನ್ನುತ್ತಿದ್ದ. “ಬಂದೆಪಾ” ಎನ್ನುತ್ತಿದ್ದೆ. ಅಷ್ಟಕ್ಕೆ ಅಪ್ಪ ಮಗಳನ್ನು ಕೆಳಗಿಳಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಮರುಮಾತಿಲ್ಲದೆ ಹೊರಗೆ ನಡೆಯುತ್ತಿದ್ದ. ಮಗಳು ‘ಮುತ್ಯಾ, ಮುತ್ಯಾ’ ಎಂದು ಅಳುತ್ತ ಬಾಗಿಲಿಗೆ ಹೋಗುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು. ಒಬ್ಬನೇ ಮಗ ಹೊಲ ಬಿಟ್ಟು ಬಸ್ಸು ಹತ್ತಿದ ಎಂಬ ಸಿಟ್ಟು ಈತನಿಗೆ ಇನ್ನೂ ಇಳಿದಿಲ್ಲ, ನನ್ನ ಮುಖ ನೋಡಲಾರದೆ ಎದ್ದು ಹೋಗುತ್ತಾನೆ ಎಂದುಕೊಳ್ಳುತ್ತಿದ್ದೆ. ಸಿಟ್ಟಿನಲ್ಲಿ ನಾನೇನು ಅಪ್ಪನಿಗೆ ಕಡಿಮೆಯೇ? ನೀನು ಹೋದರೆ ನಾನು ಹೋಗಲಾರೆನೇ ಎಂದು ಐದು ನಿಮಿಷಕ್ಕೆ ನಾನೂ ಎದ್ದು ಚಹಾದಂಗಡಿಗೆ ಹೋಗಿ ಕೂರುತ್ತಿದ್ದೆ.

ಮಗಳನ್ನು ಒಲಿಸಿಕೊಳ್ಳಲು ನಾನು ಹಿಡಿದ ದಾರಿ ಎಂದರೆ ಆಟಿಕೆ. ಮೊದಲು ಗಂಗಾವತಿಯಿಂದ ಬ್ಯಾಟರಿಯ ನಾಯಿ ತಂದೆ. ಬೊಗಳುತ್ತಿತ್ತು, ನಡೆಯುತ್ತಿತ್ತು, ಕಣ್ಣಲ್ಲಿ ಕೆಂಪು ದೀಪ. ಪಡಸಾಲೆಯಲ್ಲಿ ಬಿಟ್ಟ ಕೂಡಲೇ ಮಗಳು ಕಿರುಚಿ ಅವ್ವನ ಸೀರೆಯೊಳಗೆ ಸೇರಿಕೊಂಡಳು. ನಾಯಿ ಗೋಡೆಗೆ ಮುಖ ಹಚ್ಚಿ ಬೊಗಳುತ್ತಲೇ ಇತ್ತು, ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ನನಗೂ ತಿಳಿಯದೆ ಕೊನೆಗೆ ಅದನ್ನು ಕೌದಿಯಲ್ಲಿ ಸುತ್ತಿಟ್ಟೆವು. ಆಮೇಲೆ ಮೂರು ಗಾಲಿಯ ಸೈಕಲ್ ತಂದೆ. ಅದನ್ನು ಬಸ್ಸಿನ ಮೇಲೆ ಕಟ್ಟಿ, ಇಳಿಸಿ, ಊರ ತಿರುವಿನಿಂದ ತಲೆಯ ಮೇಲೆ ಹೊತ್ತು ತಂದವನು ನಾನು. ಮರುದಿನದಿಂದ ಅದರ ಮೇಲೆ ಕೂತವಳು ಮಗಳು, ಹಿಂದಿನಿಂದ ತಳ್ಳುತ್ತ ಓಣಿಯೆಲ್ಲ ತಿರುಗಿದವನು ಅಪ್ಪ. ನಾನು ಗಂಗಾವತಿಯಲ್ಲಿ ರೈಟ್ ರೈಟ್ ಎನ್ನುತ್ತಿದ್ದೆ.

ಮೂರನೆಯ ಸಲ ಅಡುಗೆ ಸಾಮಾನಿನ ದೊಡ್ಡ ಸೆಟ್ಟು ತಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಲ್ರಿ, ಪ್ರತಿ ಸಲ ಸಾಮಾನ ತಂದು ಒಗದು, ಎದ್ದು ಚಾದಂಗಡಿಗೆ ಹೋಗ್ತೀರಿ. ಸಾಮಾನ ತಾನ ಆಡ್ತೈತೇನ್ರಿ? ಆಕಿ ಜೋಡಿ ಯಾರರ ಕುಂದ್ರಬೇಕಲ್ಲ.”

“ನನ್ನ ಕಡಿ ಬಂದ್ರ ಕುಂದ್ರತಿದ್ದೆ. ಬರಂಗೇ ಇಲ್ಲಲ್ಲ ನಿನ್ನ ಮಗಳು.”

“ಹಂಗಾರ ಇದರಾಗ ಅಡಿಗಿ ಮಾಡ್ಕೊಂಡು ನೀವ ಉಣ್ರಿ” ಎಂದು ಪೆಟ್ಟಿಗೆಯನ್ನು ನನ್ನ ಮುಂದೆಯೇ ಇಟ್ಟು ಹೋದಳು. ಮೂವತ್ತು ಕೂಸುಗಳನ್ನು ಸಂಭಾಳಿಸುವವಳ ಜೊತೆ ವಾದಕ್ಕೆ ಇಳಿಯಬಾರದು.

ನಾಗರ ಪಂಚಮಿ ಇನ್ನೆರಡು ದಿನ ಇದೆ ಎನ್ನುವಾಗ ಕೊಪ್ಪಳದಲ್ಲಿ ಒಬ್ಬ ಮುದುಕಿ ನಮ್ಮ ಬಸ್ಸು ಹತ್ತಿದಳು. ಹೆಗಲಲ್ಲಿ ಕೊಬ್ಬರಿ ಬಟ್ಟಲುಗಳು ತುಂಬಿದ ಚೀಲ. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡಳು. ನಮ್ಮ ಸೀಮೆಯಲ್ಲಿ ಪಂಚಮಿಗೆ ಮಕ್ಕಳಿಗೆ ಕೊಬ್ಬರಿ ಬಟ್ಟಲೇ ಆಟಿಕೆ. ನಡುವೆ ಎರಡು ತೂತು ಕೊರೆದು, ಹುರಿ ಪೋಣಿಸಿ, ಎರಡೂ ತುದಿ ಹಿಡಿದು ಹುರಿಗೆ ಮುರಿಗೆ ಹಾಕಿ ಎಳೆದು ಬಿಟ್ಟರೆ ಬಟ್ಟಲು ಗುಂಯ್ ಎಂದು ತಿರುಗುತ್ತದೆ. ಆಟ ಬೇಸರವಾದಾಗ ಆಟಿಕೆಯನ್ನೇ ತಿಂದುಬಿಡಬಹುದು. ಇಂಥ ಸೌಲಭ್ಯ ಬೇರೆ ಯಾವ ಆಟಿಕೆಯಲ್ಲೂ ನಾನು ಕಂಡಿಲ್ಲ.

“ಎಷ್ಟ ಮಂದಿ ಮೊಮ್ಮಕ್ಕಳಬೇ ನಿನಗ?” ಎಂದು ಕೇಳಿದೆ.

“ಒಂಬತ್ತು. ನಿನಗ ಎಷ್ಟಪಾ ಮಕ್ಕಳು?”

“ಒಬ್ಬಾಕಿ ಮಗಳು. ಮೂರು ವರ್ಷದಾಕಿ.”

“ಭಾಳ ಸಣ್ಣಾಕಿ. ಆಕಿ ಕೈ ಇಷ್ಟುದ್ದ ಹುರಿಗೆ ಸಾಲಂಗಿಲ್ಲ. ಒಂದು ತುದಿ ಆಕಿ ಹಿಡೀಬೇಕು, ಒಂದು ತುದಿ ನೀ ಹಿಡೀಬೇಕು.”

“ಆಕಿ ನನ್ನ ಕಡಿ ಬರಂಗಿಲ್ಲಬೇ” ಎಂದುಬಿಟ್ಟೆ. ತುಂಬಿದ ಬಸ್ಸಿನಲ್ಲಿ, ಟಿಕೆಟ್ ಮಷಿನ್ ಕೈಯಲ್ಲಿ ಹಿಡಿದು, ಯಾರೋ ಮುದುಕಿಯ ಎದುರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ.

ಮುದುಕಿ ಚೀಲಕ್ಕೆ ಕೈ ಹಾಕಿ, ಅದನ್ನು ಬಿಟ್ಟು ಇದನ್ನು, ಇದನ್ನು ಬಿಟ್ಟು ಅದನ್ನು ಎಂದು ಆರಿಸಿ ಒಂದು ಬಟ್ಟಲು ತೆಗೆದಳು. “ಬರದ ಏನ್ ಮಾಡ್ತಾಳ? ತಗೋ. ನೀ ನನಗ ಪುಕ್ಕಟ ಟಿಕೀಟ ಕೊಟ್ಟಿ, ನಾ ನಿನಗ ಪುಕ್ಕಟ ಕೊಬ್ಬರಿ ಕೊಟ್ಟೆ. ಸರಿ ಹೋತು.” ಬೇಡ ಎನ್ನುವುದರೊಳಗೆ ಅದು ನನ್ನ ಹೆಗಲ ಚೀಲದಲ್ಲಿತ್ತು. ಆವತ್ತು ಡಿಪೋದಲ್ಲಿ ನನಗೆ ಎರಡು ದಿನದ ರಜೆಯೂ ಸಿಕ್ಕಿತು. ಸಾಮಾನ್ಯವಾಗಿ ದೇವರು ಕೊಟ್ಟರೂ ಪೂಜಾರಿ ಕೊಡದ ಜಾಗ ಅದು.

ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಅವತ್ತೇ ದಬ್ಬಣ ಕಾಸಿ ಬಟ್ಟಲಿಗೆ ತೂತು ಕೊರೆದೆ, ಯಾಕೆಂದರೆ ಪಂಚಮಿಯ ದಿನ ಚುಚ್ಚುವುದು, ಕೊಯ್ಯುವುದು, ಒಲೆಗೆ ರೊಟ್ಟಿಯ ಹಂಚು ಇಡುವುದು ಯಾವುದೂ ಇಲ್ಲ. ಮೊದಲ ತೂತು ಓರೆಯಾಯಿತು. ಎರಡನೆಯದನ್ನು ಅವ್ವ ನನ್ನ ಕೈಯಿಂದ ಕಸಿದುಕೊಂಡು ತಾನೇ ಕೊರೆದಳು. ಗೋಣಿಚೀಲ ಹೊಲಿಯುವ ಹುರಿಯನ್ನೂ ಅವಳೇ ಹುಡುಕಿ ಕೊಟ್ಟಳು.

ಹಬ್ಬದ ದಿನ ಮಧ್ಯಾಹ್ನ ಹೆಂಡತಿ ಜೋಕಾಲಿ ಆಡಲು ತವರಿನ ಓಣಿಗೆ ಹೋದಳು. ಮಗಳು ಉಂಡೆ ತಿಂದು ಮಲಗಿದ್ದರಿಂದ ಬಿಟ್ಟು ಹೋಗಿದ್ದಳು. ಅಪ್ಪ ಎಂದಿನಂತೆ, ನಾನು ಪಡಸಾಲೆಗೆ ಬಂದದ್ದೇ ತಡ, ಎದ್ದು ಹೊರಗೆ ಹೋಗಿದ್ದ. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಅವತ್ತು ಚಹಾದಂಗಡಿಗೆ ಹೋಗಲಿಲ್ಲ. ಹಬ್ಬಕ್ಕೆ ಅದು ಮುಚ್ಚಿತ್ತು ಎನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಹುರಿಯ ಒಂದು ತುದಿಯನ್ನು ಕಂಬದ ಗೂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಎಳೆದೆ. ಗುಂಯ್ ಎಂದಿತು. ಒಳಗಿನಿಂದ ಕಾಲ್ಗೆಜ್ಜೆಯ ಸದ್ದು. ಮಗಳು ಕಣ್ಣುಜ್ಜುತ್ತ ಬಂದಳು, ತನ್ನ ತಾಯಿ ಇಲ್ಲ, ಮುತ್ಯಾ ಇಲ್ಲ, ನಾನೊಬ್ಬನೇ ಎಂದು ಕಂಡಳು, ತುಟಿ ಮುಂದೆ ಬಂತು. ನಾನು ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಮತ್ತೆ ಎಳೆದೆ. ಬಾಗಿಲ ಹಿಂದಿನಿಂದ ಅರ್ಧ ಮುಖ ಬಂತು. ಆಮೇಲೆ ಒಂದು ಕಾಲು. ಮುಂದೆ ಯಾವಾಗಲೋ ಅವಳು ಕಂಬದ ಹತ್ತಿರವೇ ನಿಂತಿದ್ದಳು.

ಗೂಟದಿಂದ ತುದಿ ಬಿಚ್ಚಿ ಅವಳ ಕಡೆ ಚಾಚಿದೆ. ಮೂರು ವರ್ಷದ ಕೂಸಿಗೆ ಒಂದು ತುಂಡು ಹುರಿ ಕೊಡಲು ನಾನು ಇಷ್ಟು ಹೆದರಿದ್ದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು.

“ಎಳಿ” ಎಂದೆ. ಎಳೆದಳು. “ಈಗ ಬಿಡು.” ಪೂರಾ ಬಿಟ್ಟೇಬಿಟ್ಟಳು, ಬಟ್ಟಲು ನನ್ನ ಮೊಣಕಾಲಿಗೆ ಬಡಿಯಿತು. ಅವಳಿಗೆ ನಗು ಬಂತು. ನನ್ನೆದುರಿಗೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿಗಾಗಿ ಇನ್ನೂ ನಾಲ್ಕು ಸಲ ಮೊಣಕಾಲು ಕೊಟ್ಟೆ. ಹತ್ತು ಹದಿನೈದು ಸಲ ಸೋತ ಮೇಲೆ ಇಬ್ಬರ ಕೈ ಒಂದಕ್ಕೊಂದು ಹೊಂದಿಕೊಂಡು ಬಟ್ಟಲು ನಿಜವಾಗಿ ತಿರುಗಿತು. ಅಲ್ಲಿಂದ ಮುಂದೆ ನಾನು ಕಂಡಕ್ಟರ್ ಅಲ್ಲ, ಅವಳೇ ಕಂಡಕ್ಟರ್. “ಎಳಿ! ಬಿಡು! ನೀ ಜೋರ್ ಎಳೀಬ್ಯಾಡ! ಈಗ ಎಳಿ!” ಎಂದು ಗದರಿಸುತ್ತಿದ್ದಳು. ನಡುನಡುವೆ ಆಟ ನಿಲ್ಲಿಸಿ ಬಟ್ಟಲಿನ ಅಂಚನ್ನು ಹಲ್ಲಿನಿಂದ ಕೆರೆದು ತಿನ್ನುತ್ತಿದ್ದಳು. ಹುರಿ ಗಂಟಾದಾಗ ಬಿಡಿಸಲೆಂದು ನೇರವಾಗಿ ಬಂದು ನನ್ನ ತೊಡೆಯ ಮೇಲೆ ಕೂತಳು. ಯೋಚನೆ ಮಾಡಿ ಕೂತದ್ದಲ್ಲ, ಅಲ್ಲಿ ಜಾಗ ಇತ್ತು, ಕೂತಳು. ಅವಳ ತಲೆಯಿಂದ ಕೊಬ್ಬರಿ ಎಣ್ಣೆಯ, ಎಳ್ಳುಂಡೆಯ ವಾಸನೆ ಬರುತ್ತಿತ್ತು.

ಆಗ ಬಾಗಿಲಲ್ಲಿ ಅಪ್ಪ ಕೆಮ್ಮಿದ.

ನನ್ನ ಬುದ್ಧಿಯನ್ನು ಏನೆಂದು ಹೇಳಲಿ! ಕೆಮ್ಮು ಕೇಳಿದ ಕೂಡಲೇ ನನ್ನ ಕಾಲು ತಾವಾಗಿಯೇ ಎದ್ದು ನಿಂತವು. ಮಗಳು ತೊಡೆಯಿಂದ ಜಾರಿ ನೆಲಕ್ಕೆ ಕೂತಳು. ಬಟ್ಟಲು ಕಲ್ಲುಹಾಸಿನ ಮೇಲೆ ಬಿದ್ದು ಎರಡು ಹೋಳಾಯಿತು. ನಾನು ಕಳ್ಳನ ಹಾಗೆ ನಿಂತಿದ್ದೆ. ಅಪ್ಪ ಒಂದು ಸಲ ನನ್ನನ್ನು, ಒಂದು ಸಲ ಮಗಳನ್ನು ನೋಡಿದ, ಮರುಕ್ಷಣವೇ ಟವೆಲ್ ಸರಿಮಾಡಿಕೊಂಡು ಬಂದ ದಾರಿಯಲ್ಲೇ ತಿರುಗಿದ.

ಮಗಳು ಒಡೆದ ಕೊಬ್ಬರಿಯ ಕಡೆ ನೋಡಲೂ ಇಲ್ಲ. ನನ್ನ ಕಡೆ ಬೆರಳು ಮಾಡಿ, ಮನೆಯ ಜಂತಿ ಹಾರುವಂತೆ ಕೂಗಿದಳು:

“ಇಂವ ಬಂದ್ರ ಮುತ್ಯಾ ಹೋಗ್ತಾನ! ಯಾವಾಗಲೂ ಹೋಗ್ತಾನ!”

ಅಪ್ಪ ಹೊಸ್ತಿಲಲ್ಲೇ ನಿಂತ. ಹಿತ್ತಲಿನಿಂದ ಅವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಕೂಸಿನ ಲೆಕ್ಕ ಎಷ್ಟು ಸರಿಯಾಗಿತ್ತು! ಹುಟ್ಟಿದಾಗಿನಿಂದ ಅವಳು ಕಂಡದ್ದೇ ಅದು. ಈ ಮನುಷ್ಯ ಬಾಗಿಲಲ್ಲಿ ಕಾಣಿಸಿಕೊಂಡರೆ ಮುತ್ಯಾ ಎದ್ದು ಹೋಗುತ್ತಾನೆ. ಅಂಥವನ ಹತ್ತಿರ ಯಾವ ಕೂಸು ಬಂದೀತು, ಅವನು ಬೊಗಳುವ ನಾಯಿಯನ್ನಲ್ಲ ಆನೆಯನ್ನೇ ತರಲಿ.

“ಕೇಳಿದ್ರೇನ್ರಿ?” ಎಂದು ಅವ್ವ ಅಪ್ಪನಿಗೆ ಹೇಳಿದಳು. “ಇಂವ ಬಂದ ಅಂತ ನೀವು ಏಳ್ತೀರಿ. ನೀವು ಎದ್ರಿ ಅಂತ ಇಂವ ಏಳ್ತಾನ. ಕೂಸು ಯಾರ ಕಡಿ ಹೋಗಬೇಕ್ರಿ? ಅಪ್ಪ ಮಗ ಇಬ್ಬರೂ ಶಾಣ್ಯಾರದೀರಿ!”

ಅಪ್ಪ ಕಂಬ ಹಿಡಿದುಕೊಂಡು ಮೆಲ್ಲಗೆ ಹೇಳಿದ. ನನಗಲ್ಲ, ಅವ್ವನಿಗೆ. “ನಾ ಇದ್ರ ಅಂವ ಕೂಸನ್ನ ಮುಟ್ಟಂಗಿಲ್ಲಲ್ಲ. ವಾರಕ್ಕ ಒಂದ ದಿನ ಬರ್ತಾನ. ಎತ್ಕೊಳ್ಳಲಿ ಅಂತ ಜಾಗಾ ಬಿಟ್ಟು ಹೋಗ್ತಿದ್ದೆ.”

“ನಾ ನಿನಗ ಸಿಟ್ಟು ಅಂತ ತಿಳ್ಕೊಂಡಿದ್ದೆ, ಯಪ್ಪಾ” ಎಂದೆ. “ಹೊಲ ಬಿಟ್ಟು ಹೋದೆ ಅಂತ.”

“ಯಾತರ ಸಿಟ್ಟಲೇ? ನಿನ್ನ ಬಸ್ಸಿನಾಗ ಕುಂತು ಗಂಗಾವತಿಗೆ ಬರಬೇಕಂತ ಎಷ್ಟ ಸಲ ಅನ್ಕೊಂಡೀನಿ. ನೀ ಟಿಕೀಟ ಕೇಳಾಕ ನಾಚ್ಕೋತಿ ಅಂತ ಬಿಟ್ಟೀನಿ.”

ಅವ್ವ ನಗಲಾರಂಭಿಸಿದಳು. ಸೆರಗು ಬಾಯಿಗೆ ಹಚ್ಚಿ ನಕ್ಕಳು, ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ನಗು ಬಂತು. ಮೂರು ವರ್ಷ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಮನೆಯನ್ನು ಹಾಳು ಮಾಡಿದ್ದೆವು. ಬೈದಾಡಿದ್ದರೆ ಒಂದೇ ದಿನದಲ್ಲಿ ಮುಗಿದು ಹೋಗುತ್ತಿತ್ತು.

ಅಪ್ಪ ಒಳಗೆ ಬಂದ. ಟವೆಲ್ ಹಾಸಿ ಪಡಸಾಲೆಯ ನಡುವೆ ಕೂತ. ಮಗಳು ಓಡಿ ಅವನ ಮಗ್ಗುಲಿಗೆ ಆತುಕೊಂಡಳು. ಅಪ್ಪ ನನ್ನ ಮುಖ ನೋಡಲಿಲ್ಲ, ನೆಲದ ಮೇಲಿದ್ದ ಹುರಿಯನ್ನು ನೋಡುತ್ತ ಹೇಳಿದ:

“ಎತ್ಕೋ ಆಕಿನ್ನ.”

ನಾನು ಅಲ್ಲಾಡಲಿಲ್ಲ.

“ಎತ್ಕೊಳ್ಳೋ ತಮ್ಮಾ. ನೀ ಮಗಳನ್ನ ಎತ್ಕೊಂಡಿದ್ದು ನಾ ಇನ್ನೂ ನೋಡೇ ಇಲ್ಲ.”

ನಾನು ಮೊಣಕಾಲೂರಿ ಕೂತು ಕೈ ಚಾಚಿದೆ. ಮಗಳು ನನ್ನ ಕೈ ನೋಡಿದಳು, ತಿರುಗಿ ಅಪ್ಪನ ಗಲ್ಲ ಹಿಡಿದಳು.

“ಮುತ್ಯಾ, ನೀ ಹೊರಗ ಹೋಗ್ತೀಯೇನ?”

“ಇಲ್ಲವಾ. ಇಲ್ಲೇ ಕುಂತೀನಿ.”

“ಇಂವ ಎತ್ಕೊಂಡ್ರೂ ಹೋಗಂಗಿಲ್ಲ?”

“ಹೋಗಂಗಿಲ್ಲ.”

ಅವಳು ಇನ್ನೊಂದು ಸಲ ಅಪ್ಪನ ಮುಖ ನೋಡಿ ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಬಂದು ಎರಡೂ ಕೈ ಮೇಲೆತ್ತಿದಳು. ನಾನು ಎತ್ತಿಕೊಂಡು ಎದ್ದು ನಿಂತೆ. ಎಚ್ಚರವಿರುವ ಕೂಸು ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಎದ್ದು ಹೋಗಲಿಲ್ಲ. ನಮ್ಮಿಬ್ಬರನ್ನೂ ನೋಡುತ್ತ ಕೂತೇ ಇದ್ದ.